ಬಿಸಿನೀರು ಸೋರುವ ಹೊತ್ತು

(ಸಂಸ್ಥೆಯ ವಾರ್ಷಿಕ ಸ್ನೇಹಸಮ್ಮೇಲನದಲ್ಲಿ ಪಾಲಕರ ಹಾಗೂ ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣ)



ಸಮ್ಮೇಲನದ ವೇದಿಕೆಯ ಮೇಲೆ ನಾಡುನುಡಿಗಳ ಹಿರಿಮೆಯನ್ನು ಕುರಿತಾಗಲಿ ಶರಣರ ವಚನಗಳನ್ನು ಕುರಿತಾಗಲಿ ಮಾತನಾಡುವುದು ನಮ್ಮಲ್ಲಿ ನಡೆದುಬಂದ ರೂಢಿ. ಅಂಥ ಮಾತುಗಳನ್ನು ನಮಗಿಂತ ಚೆನ್ನಾಗಿ ಬಲ್ಲವರು ಈಗಾಗಲೆ ಆಡಿದ್ದಾರೆ. ಆದುದರಿಂದ ನಾವು ಈ ವೇದಿಕೆಯಿಂದ ಇಳಿದು ನಿಮ್ಮೆಲ್ಲರ ಬಚ್ಚಲಮನೆಯನ್ನು ಹೊಗಲು ಅಪ್ಪಣೆ ಬೇಡುತ್ತೇವೆ. ಮನೆಯ ಬಿಸಿನೀರಿನ ವ್ಯವಸ್ಥೆಯಲ್ಲಿ ಆಗೊಮ್ಮೆ ಈಗೊಮ್ಮೆ ನೀರು ಸೋರುತ್ತದೆ; ಯಾರಾದರೂ ನೋಡಲು ಹೋದರೆ ನಿಂತುಬಿಡುತ್ತದೆ. ಅಂಥ ಸೋರಿಕೆಯ ಕಾರಣವನ್ನು ಕಂಡುಹಿಡಿಯುವ ಬಗೆ ಹೇಗೆ ಎಂಬುದೆ ನಮ್ಮ ಇಂದಿನ ವಿಷಯ.

ಇದು ಸಮ್ಮೇಲನಕ್ಕೆ ತಕ್ಕ ವಿಷಯವೆ ಎಂದು ಕೆಲವರಿಗೆ ಅನಿಸಬಹುದು. ಭೀಮಾನದಿ ನಮ್ಮ ಸೀಮೆಯಲ್ಲಿಯೆ ಹರಿಯುತ್ತಿದ್ದರೂ ಬೇಸಗೆಯಲ್ಲಿ ಒಂದೊಂದು ಕೊಡ ನೀರಿಗೂ ನಮ್ಮ ತಾಯಂದಿರು ಪಡುವ ಪಾಡು ಎಲ್ಲರಿಗೂ ತಿಳಿದುದೆ. ಸೆಕೆಂಡಿಗೆ ಒಂದರಂತೆ ಹನಿ ಬಿದ್ದರೆ, ಸುಮಾರು ೨೦ ಹನಿಗೆ ಒಂದು ಮಿಲಿಲೀಟರು ಎಂದು ಹಿಡಿದರೂ, ಒಂದು ಹಗಲು ಒಂದು ರಾತ್ರಿಯಲ್ಲಿ ೪ ಲೀಟರಿಗಿಂತ ಹೆಚ್ಚು ನೀರು ಹೋಗುತ್ತದೆ. ವಿದ್ಯಾರ್ಥಿಗಳು ಈ ಲೆಕ್ಕವನ್ನು ತಾವೇ ಮಾಡಿ ನೋಡಲಿ. ಆದರೆ ನಮ್ಮನ್ನು ಈ ವಿಷಯಕ್ಕೆ ಎಳೆದುತಂದುದು ನೀರಿನ ಹಾನಿಯೊಂದೆ ಅಲ್ಲ. ಈ ಸೋರಿಕೆಗಳಲ್ಲಿ ಒಂದು ಬಗೆಯದು ಮನೆಯವರ ಜೀವವನ್ನು ಕಾಯುತ್ತಿರುತ್ತದೆ. ಅದನ್ನು ಅರಿಯದೆ, ನೆಲ ಒದ್ದೆಯಾಗುವುದೆಂಬ ಬೇಸರದಿಂದ ಅದರ ಬಾಯಿ ಕಟ್ಟುವವರು ಉಂಟು. ಯಾವ ಸೋರಿಕೆಯನ್ನು ನಿಲ್ಲಿಸಬೇಕು, ಯಾವುದನ್ನು ಎಂದೆಂದಿಗೂ ನಿಲ್ಲಿಸಬಾರದು ಎಂಬ ವಿವೇಕ ಪ್ರತಿಯೊಂದು ಮನೆಯಲ್ಲಿಯೂ ಇರಬೇಕಾದುದು.

ನಮ್ಮ ಹಿರಿಯರ ಕಾಲದಲ್ಲಿ ಈ ತೊಡಕು ಇರಲಿಲ್ಲ. ಬಚ್ಚಲ ಒಲೆಯ ಮೇಲೆ ತಾಮ್ರದ ಹಂಡೆಯನ್ನು ಕೂಡಿಸಿರುತ್ತಿದ್ದರು; ತೊಗರಿಕಟ್ಟಿಗೆಯ ಉರಿ, ಜೋಳದ ದಂಟಿನ ಉರಿ, ಯಾವುದು ಸಿಕ್ಕರೆ ಅದು. ಅನುಕೂಲಸ್ಥರ ಮನೆಗಳಲ್ಲಿ ತಾಮ್ರದ ಬಂಬು ಇರುತ್ತಿತ್ತು. ಮರಾಠಿಯಲ್ಲಿ ಬಂಬ, ನಮ್ಮಲ್ಲಿ ಬಂಬು. ಗಡಿಸೀಮೆಯವರಾದ ನಮಗೆ ಎರಡೂ ಮನೆಯ ಮಾತುಗಳೆ. ನಡುವೆ ಕೆಂಡದ ಕೊಳವೆ, ಅದರ ಸುತ್ತಲೂ ನೀರು, ಬದಿಗೆ ಹಿತ್ತಾಳೆಯ ತೋಟಿ. ಹಂಡೆ ತೂತುಬಿದ್ದರೆ ಹಗಲಿರುಳೂ ಸೋರುವುದು. ನೀರು ಹಾಕದೆ ಉರಿ ಮಾಡಿದರೆ ಬಂಬಿನ ಬೆಸುಗೆ ಕರಗುವುದು. ತಾಂಬಟರಲ್ಲಿಗೆ ಒಯ್ದು ಬೆಸೆಸಿಕೊಂಡು ಬಂದರೆ ಮುಗಿಯಿತು. ಇವೆರಡಕ್ಕೂ ಒಂದು ಸಾಮಾನ್ಯ ಗುಣವುಂಟು: ಇವು ಬಾಯಿ ತೆರೆದ ಪಾತ್ರೆಗಳು. ಒಳಗಿನ ನೀರು ಕಾದು ಹಿಗ್ಗಿದರೆ ಮೇಲಕ್ಕೆ ಏರಲು ಸ್ಥಳವಿತ್ತು; ಉಗಿಯಾದರೆ ಮುಚ್ಚಳದ ಸಂದಿಯಿಂದ ಹೊರಬೀಳಲು ದಾರಿಯಿತ್ತು.

ಈಗ ಬಂದಿರುವ ವಿದ್ಯುತ್ತಿನ ಗೀಜರು ಹಾಗಲ್ಲ. ಅದು ಬಾಯಿ ಮುಚ್ಚಿದ ಪಾತ್ರೆ. ಗೀಜರು ಎಂಬ ಹೆಸರು ಐಸ್ಲೆಂಡ್ ದ್ವೀಪದಲ್ಲಿ ಭೂಮಿಯೊಳಗಿಂದ ಚಿಮ್ಮುವ ಒಂದು ಬಿಸಿನೀರಿನ ಬುಗ್ಗೆಯದು. ೧೮೬೮ರಲ್ಲಿ ಲಂಡನ್ನಿನ ಬೆಂಜಮಿನ್ ವ್ಯಾಡಿ ಮಾನ್ ಎಂಬವನು ಸ್ನಾನದ ನೀರು ಕಾಯಿಸುವ ತನ್ನ ಯಂತ್ರಕ್ಕೆ ಈ ಹೆಸರನ್ನಿಟ್ಟನು. ಹೆಸರಿಟ್ಟವನು ಅದು ಚಿಮ್ಮಲಿ ಎಂದು ಬಯಸಿದ್ದನೊ ಇಲ್ಲವೊ, ಜಾಗ್ರತೆ ತಪ್ಪಿದರೆ ಚಿಮ್ಮುವ ಗುಣ ಅದರಲ್ಲಿ ಇದ್ದೇ ಇದೆ. ಇನ್ನು ಮಾಳಿಗೆಯ ಮೇಲಿನ ಸೂರ್ಯಶಕ್ತಿಯ ನೀರಿನ ಟಾಕಿ. ಇದು ಗಾಳಿಕೊಳವೆಯ ಮೂಲಕ ಆಕಾಶಕ್ಕೆ ಬಾಯಿ ತೆರೆದುಕೊಂಡಿರುತ್ತದೆ. ಆದರೆ ಆ ಬಾಯಿಯನ್ನು ನೋಡಲು ಮಾಳಿಗೆಯನ್ನು ಹತ್ತುವವರು ಬಹಳ ಕಡಿಮೆ.

ಎಡೆಬಿಡದೆ ಸೋರುವ ನಳ ಯಾರ ಕಣ್ಣಿಗಾದರೂ ಬೀಳುತ್ತದೆ; ಅದರ ಮದ್ದೂ ಸುಲಭ. ಬಿಟ್ಟುಬಿಟ್ಟು ಸೋರುವುದೆ ಕಠಿಣವಾದುದು. ಹಿಂದಿನ ಕಾಲದ ವೈದ್ಯರು ರೋಗಿಯ ಮೈಯ ಬಿಸಿಯನ್ನಷ್ಟೆ ಮುಟ್ಟಿ ನೋಡುತ್ತಿರಲಿಲ್ಲ. ಜ್ವರ ಯಾವ ಹೊತ್ತಿಗೆ ಬರುತ್ತದೆ, ಯಾವ ಹೊತ್ತಿಗೆ ಇಳಿಯುತ್ತದೆ ಎಂದು ಕೇಳುತ್ತಿದ್ದರು. ದಿನ ಬಿಟ್ಟು ದಿನ ನಡುಗಿಸಿಕೊಂಡು ಬರುವ ಜ್ವರವನ್ನು ಅದರ ವೇಳೆಯಿಂದಲೆ ಚಳಿಜ್ವರವೆಂದು ಗುರುತಿಸುತ್ತಿದ್ದರು. ಬಿಸಿನೀರಿನ ಸೋರಿಕೆಯೂ ಹಾಗೆಯೆ. ಅದು ಎಲ್ಲಿ ಸೋರುತ್ತದೆ ಎಂಬುದಕ್ಕಿಂತ ಯಾವಾಗ ಸೋರುತ್ತದೆ ಎಂಬುದೆ ಹೆಚ್ಚು ಮಾತನಾಡುತ್ತದೆ. ನೀರು ಗೋಡೆಯನ್ನು ಹಿಡಿದು, ಕೊಳವೆಯ ಕೆಳಮೈಯನ್ನು ಹಿಡಿದು ಎಲ್ಲಿಂದ ಎಲ್ಲಿಗೊ ಹರಿದು ಬೀಳಬಹುದು. ಆದುದರಿಂದ ಬಿದ್ದ ಸ್ಥಳ ಮೋಸ ಮಾಡುವುದುಂಟು. ವೇಳೆ ಅಷ್ಟು ಸುಲಭವಾಗಿ ಮೋಸ ಮಾಡುವುದಿಲ್ಲ.

ಮೊದಲು ಒಂದು ಮೂಲಸಂಗತಿಯನ್ನು ತಿಳಿಯಬೇಕು. ನೀರು ಕಾದರೆ ಹಿಗ್ಗುತ್ತದೆ. ವಿದ್ಯಾರ್ಥಿಗಳು ಇದನ್ನು ವಿಜ್ಞಾನದ ಪುಸ್ತಕದಲ್ಲಿ ಓದಿದ್ದಾರೆ, ಪರೀಕ್ಷೆಯಲ್ಲಿ ಬರೆದಿದ್ದಾರೆ, ಬರೆದು ಮರೆತಿದ್ದಾರೆ. ಕಿರಿದಾದ ಕುತ್ತಿಗೆಯ ಒಂದು ಸೀಸೆಯಲ್ಲಿ ಕುತ್ತಿಗೆಯ ನಡುವಿನವರೆಗೆ ನೀರು ತುಂಬಿ, ನೀರಿನ ಮಟ್ಟಕ್ಕೆ ಒಂದು ದಾರವನ್ನು ಕಟ್ಟಿ, ಸೀಸೆಯನ್ನು ಬಿಸಿನೀರಿನ ಬೋಗುಣಿಯಲ್ಲಿ ನಿಲ್ಲಿಸಿ ನೋಡಿರಿ. ಸ್ವಲ್ಪ ಹೊತ್ತಿನಲ್ಲಿ ನೀರು ದಾರವನ್ನು ದಾಟಿ ಮೇಲೆ ಬಂದಿರುತ್ತದೆ. ಎಷ್ಟು ಹಿಗ್ಗುತ್ತದೆ? ೨೫ ಡಿಗ್ರಿ ಸೆಂಟಿಗ್ರೇಡಿನ ನೀರನ್ನು ೬೫ ಡಿಗ್ರಿಗೆ ಕಾಯಿಸಿದರೆ ನೂರು ಪಾಲಿಗೆ ಸುಮಾರು ಒಂದು ಮುಕ್ಕಾಲು ಪಾಲಿನಷ್ಟು. ಇದು ಅಲ್ಪವೆಂದು ತೋರಬಹುದು. ಆದರೆ ೧೫ ಲೀಟರಿನ ಗೀಜರಿನಲ್ಲಿ ಇದು ಕಾಲು ಲೀಟರಾಗುತ್ತದೆ. ಗೀಜರಿನ ಒಡಲು ಉಕ್ಕಿನದು, ಅದು ತುಂಬಿಯೆ ಇರುತ್ತದೆ. ನೀರಂತೂ ಒತ್ತಿದರೆ ಕುಗ್ಗುವ ವಸ್ತುವಲ್ಲ. ಹಾಗಾದರೆ ಆ ಕಾಲು ಲೀಟರು ಎಲ್ಲಿಗೆ ಹೋಗಬೇಕು?

ತಣ್ಣೀರು ಬಂದ ದಾರಿಯಲ್ಲಿಯೆ ಅದು ಹಿಂದಕ್ಕೆ ಸರಿದು ಮಾಳಿಗೆಯ ಟಾಕಿಯನ್ನು ಸೇರಬಹುದು. ಆ ದಾರಿ ತೆರೆದಿದ್ದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಆ ದಾರಿಯಲ್ಲಿ ಒಮ್ಮುಖದ ಕವಾಟವಿದ್ದರೆ, ಎಂದರೆ ನೀರನ್ನು ಒಳಗೆ ಬಿಟ್ಟು ಹಿಂದಕ್ಕೆ ಬಿಡದ ವಾಲ್ವು ಇದ್ದರೆ, ಒಳಗಿನ ಒತ್ತಡ ಏರತೊಡಗುತ್ತದೆ. ಏರಿದ ಒತ್ತಡವನ್ನು ಇಳಿಸುವುದಕ್ಕಾಗಿಯೆ ಗೀಜರಿನ ಕೆಳಗೆ, ತಣ್ಣೀರಿನ ಕೊಳವೆ ಒಳಗೆ ಹೋಗುವಲ್ಲಿ, ಹೆಬ್ಬೆರಳಿನಷ್ಟು ಗಾತ್ರದ ಒಂದು ಹಿತ್ತಾಳೆಯ ಸಾಧನವನ್ನು ಕೂಡಿಸಿರುತ್ತಾರೆ. ಅಂಗಡಿಯವರು ಅದನ್ನು ಸೇಫ್ಟಿ ವಾಲ್ವು ಎನ್ನುತ್ತಾರೆ. ನಾವು ರಕ್ಷಣಾ ಕವಾಟವೆನ್ನೋಣ. ಅದರೊಳಗೆ ಒಂದು ಸ್ಪ್ರಿಂಗು, ಅದು ಒತ್ತಿಹಿಡಿದ ಒಂದು ಬಿರಡೆ, ಬದಿಗೆ ಒಂದು ಚಿಕ್ಕ ಮೂತಿ. ಒತ್ತಡ ಮಿತಿ ಮೀರಿದಾಗ ಬಿರಡೆ ಕೂದಲೆಳೆಯಷ್ಟು ಸರಿದು, ಮೂತಿಯಿಂದ ಹನಿಹನಿಯಾಗಿ ನೀರು ಹೊರಬೀಳುತ್ತದೆ. ನೀರು ಕಾಯುವವರೆಗೆ ಹನಿಯುವುದು, ಕಾದ ಮೇಲೆ ನಿಲ್ಲುವುದು.

ನಮ್ಮ ಪರಿಚಯದ ಒಂದು ಮನೆಯಲ್ಲಿ ನಡೆದುದನ್ನು ಇಲ್ಲಿ ಹೇಳುವುದು ಉಚಿತ. ಮುಂಜಾನೆ ಬಚ್ಚಲಮನೆಯ ಮೂಲೆ ಒದ್ದೆ, ಮಧ್ಯಾಹ್ನಕ್ಕೆ ಒಣಗಿ ಬರೀ ಒಂದು ಬಿಳಿಯ ಗೆರೆ. ಮೊಮ್ಮಕ್ಕಳು ನಳವನ್ನು ಸರಿಯಾಗಿ ತಿರುವುವುದಿಲ್ಲ ಎಂದು ಅಜ್ಜಿಯವರು ಗೊಣಗುತ್ತಿದ್ದರು. ಗವಂಡಿ ಗಿಲಾವು ಸರಿಯಾಗಿ ಮಾಡಿಲ್ಲ, ಗೋಡೆಯೆ ನೀರು ಬಿಡುತ್ತಿದೆ ಎಂದು ಯಜಮಾನರು ನಿಶ್ಚಯ ಮಾಡಿಕೊಂಡಿದ್ದರು. ನಳ ಜೋಡಿಸುವವನನ್ನು ಎರಡು ಸಲ ಕರೆಸಿದ್ದಾಯಿತು. ಅವನು ಬಂದ ಹೊತ್ತಿನಲ್ಲಿ ಹನಿ ಇಲ್ಲ, ಆದರೂ ಬರಿಗೈಯಿಂದ ಹೋಗಬಾರದೆಂದು ಎರಡು ಸಲವೂ ವಾಶರು ಬದಲಿಸಿ ಹೋದನು. ಮೂರನೆಯ ಸಲ ಬೆಳಿಗ್ಗೆ ಬಂದಾಗ ಆ ಚಿಕ್ಕ ಮೂತಿಯಿಂದ ಹನಿ ಬೀಳುವುದನ್ನು ಕಂಡು, ಇದಕ್ಕೊಂದು ಬೆಣೆ ಬಡಿದುಬಿಟ್ಟರೆ ನಿಮ್ಮ ತೊಂದರೆ ತೀರಿತು ಎಂದನು. ಮನೆಯವರೆಲ್ಲರೂ ಒಪ್ಪಿದರು.

ಒಪ್ಪದೆ ಇದ್ದವಳು ಎಂಟನೆಯ ಇಯತ್ತೆಯ ಮಗಳೊಬ್ಬಳು. ಅವಳು ವಿಜ್ಞಾನದ ವಹಿಯ ಹಿಂದಿನ ಹಾಳೆಗಳಲ್ಲಿ ಹನ್ನೊಂದು ದಿನಗಳಿಂದ ಒಂದು ಟಿಪ್ಪಣಿಯನ್ನು ಇಡುತ್ತ ಬಂದಿದ್ದಳು. ಆ ವಹಿಯನ್ನು ನಾವು ನೋಡಿದ್ದೇವೆ. ಹನಿ ಕಂಡ ಹೊತ್ತು, ಗೀಜರು ಹಚ್ಚಿತ್ತೊ ಇಲ್ಲವೊ, ಸ್ನಾನ ನಡೆದಿತ್ತೊ ಇಲ್ಲವೊ, ಅಂದು ಟಾಕಿಗೆ ನೀರು ಏರಿಸಿದ್ದರೊ ಇಲ್ಲವೊ, ಕೆಳಗಿಟ್ಟ ಡಬ್ಬಿಯಲ್ಲಿ ಎಷ್ಟು ನೀರು ಕೂಡಿತು, ಇಷ್ಟೆ. ಎಲ್ಲವೂ ಅಚ್ಚ ಕನ್ನಡದಲ್ಲಿ. ವಿಜ್ಞಾನವನ್ನು ಇಂಗ್ಲಿಷಿನಲ್ಲಿ ಮಾತ್ರ ಮಾಡಬಹುದೆಂದು ತಿಳಿದವರಿಗೆ ಆ ಹಾಳೆಗಳನ್ನು ತೋರಿಸಬೇಕೆನಿಸುತ್ತದೆ. ಅವಳ ಟಿಪ್ಪಣಿಯಲ್ಲಿ ಎರಡು ದಿನ ಬೆಳಿಗ್ಗೆ ವಿದ್ಯುತ್ತು ಇರಲಿಲ್ಲ. ಒಲೆಯ ಮೇಲೆ ನೀರು ಕಾಯಿಸಿಕೊಂಡು ಎಲ್ಲರೂ ಮಿಂದರು. ಆ ಎರಡೂ ದಿನ ಒಂದು ಹನಿಯೂ ಬೀಳಲಿಲ್ಲ. ಅಂದರೆ ಸ್ನಾನಕ್ಕೂ ಮಕ್ಕಳಿಗೂ ಗೋಡೆಗೂ ಈ ಹನಿಗೂ ಸಂಬಂಧವಿಲ್ಲ. ಒಂದು ದಿನ ಬೀಗರು ಬಂದುದರಿಂದ ಸಂಜೆಯೂ ಗೀಜರು ಹಚ್ಚಿದರು, ಸಂಜೆಯೂ ಹನಿಯಿತು. ಮತ್ತೊಂದು ದಿನ ಗೀಜರು ಕಾಯುತ್ತಿರುವಾಗಲೆ ಯಾರೊ ಬಿಸಿನೀರಿನ ನಳವನ್ನು ಸಣ್ಣಗೆ ಬಿಟ್ಟಿದ್ದರು. ಅಂದು ಮೂತಿಯಿಂದ ಹನಿ ಇಲ್ಲ, ಏಕೆಂದರೆ ಹಿಗ್ಗಿದ ನೀರಿಗೆ ನಳದ ದಾರಿ ಸಿಕ್ಕಿತ್ತು. ಡಬ್ಬಿಯಲ್ಲಿ ಕೂಡಿದ ನೀರು ಪ್ರತಿಸಲವೂ ಸುಮಾರು ಕಾಲು ಲೀಟರು. ಇದಕ್ಕಿಂತ ನಿಚ್ಚಳವಾದ ಸಾಕ್ಷಿಯನ್ನು ಯಾವ ನ್ಯಾಯಾಲಯ ಕೇಳೀತು?

ಉಳಿದ ಪ್ರಶ್ನೆ ಒಂದೆ: ವರುಷಗಟ್ಟಲೆ ಇಲ್ಲದ ಹನಿ ಈಗೇಕೆ ಬಂದಿತು? ಇದಕ್ಕೂ ಉತ್ತರ ವೇಳೆಯಲ್ಲಿಯೆ ಇತ್ತು. ನೀರಿನ ಜೋರು ಸಾಲದೆಂದು ಆ ಮನೆಯವರು ಕೆಲವು ದಿನಗಳ ಹಿಂದೆ ಮಾಳಿಗೆಯಲ್ಲಿ ಒಂದು ಚಿಕ್ಕ ಪಂಪನ್ನು ಕೂಡಿಸಿ, ಅದರ ಜೊತೆಗೆ ಒಮ್ಮುಖದ ವಾಲ್ವನ್ನೂ ಹಾಕಿಸಿದ್ದರು. ಅಲ್ಲಿಯವರೆಗೆ ಹಿಗ್ಗಿದ ನೀರು ಸದ್ದಿಲ್ಲದೆ ಟಾಕಿಗೆ ಹಿಂದಿರುಗುತ್ತಿತ್ತು. ಆ ದಾರಿ ಮುಚ್ಚಿದ ದಿನವೆ ರಕ್ಷಣಾ ಕವಾಟ ತನ್ನ ಕೆಲಸಕ್ಕೆ ನಿಂತಿತು. ಹೊಸದಾಗಿ ಕೂಡಿಸಿದುದೂ ಸರಿಯಾಗಿಯೆ ಇತ್ತು, ಹಳೆಯದೂ ಸರಿಯಾಗಿಯೆ ಇತ್ತು. ಕೆಟ್ಟುದು ಯಾವುದೂ ಇರಲಿಲ್ಲ.

ಇನ್ನು ಆ ಬೆಣೆಯ ಮಾತು. ಅದನ್ನು ಬಡಿದಿದ್ದರೆ ಏನಾಗುತ್ತಿತ್ತು? ಬಹುಶಃ ಮರುದಿನವೆ ಏನೂ ಆಗುತ್ತಿರಲಿಲ್ಲ. ಅದೇ ಇದರ ಭಯಂಕರತೆ. ಪ್ರತಿದಿನ ಒಡಲಿನ ಬೆಸುಗೆಗಳ ಮೇಲೆ ಒತ್ತಡ ಬಿದ್ದು ಇಳಿದು, ಬಿದ್ದು ಇಳಿದು, ಉಕ್ಕು ದಣಿಯುತ್ತದೆ. ಅದಿರಲಿ. ಗೀಜರಿನಲ್ಲಿ ಬಿಸಿಯನ್ನು ಅಳೆದು ವಿದ್ಯುತ್ತನ್ನು ನಿಲ್ಲಿಸುವ ಥರ್ಮೋಸ್ಟಾಟು ಇರುತ್ತದೆ. ಅದು ಕೈಕೊಟ್ಟರೆ ತಡೆಯಲು ಇನ್ನೊಂದು ಸಾಧನವೂ ಇರುತ್ತದೆ. ಎರಡೂ ಯಂತ್ರಗಳೆ, ಎರಡೂ ಒಂದು ದಿನ ಕೆಡಬಹುದು. ಅಂದು ನೀರು ೧೦೦ ಡಿಗ್ರಿಯನ್ನು ದಾಟಿಯೂ ಕುದಿಯದೆ, ಮುಚ್ಚಿದ ಒಡಲಿನಲ್ಲಿ ಒತ್ತಡದಡಿ ನೀರಾಗಿಯೆ ನಿಂತಿರುತ್ತದೆ. ಒಡಲು ಎಲ್ಲಿಯಾದರೂ ಸೀಳಿತೊ, ಆ ಕ್ಷಣದಲ್ಲಿ ಅದರ ಒಂದು ಭಾಗ ಉಗಿಯಾಗುತ್ತದೆ. ಒಂದು ಲೀಟರು ನೀರು ಉಗಿಯಾದರೆ ಸುಮಾರು ೧,೬೦೦ ಲೀಟರಿನಷ್ಟು ಸ್ಥಳವನ್ನು ಬೇಡುತ್ತದೆ. ಚಿಕ್ಕ ಬಚ್ಚಲಮನೆಯಲ್ಲಿ ಆ ಸ್ಥಳವೆಲ್ಲಿದೆ? ಇದನ್ನು ಹೆದರಿಸಲೆಂದು ಹೇಳುತ್ತಿಲ್ಲ. ಕಾಲು ಲೀಟರಿನ ಆ ಹನಿಗಳು ಯಾವುದರ ಕಾವಲಿಗೆ ನಿಂತಿವೆ ಎಂಬುದು ತಿಳಿಯಲೆಂದು ಹೇಳುತ್ತೇವೆ.

ರಕ್ಷಣಾ ಕವಾಟದ ವಿಚಾರ ಹೊಸದೇನೂ ಅಲ್ಲ. ಫ್ರಾನ್ಸ್ ದೇಶದ ಡೆನಿಸ್ ಪಪಿನ್ ಎಂಬ ವಿದ್ವಾಂಸನು ೧೬೭೯ರಲ್ಲಿ ಲಂಡನ್ನಿನ ರಾಯಲ್ ಸೊಸಾಯಿಟಿಯ ಮುಂದೆ ಎಲುಬನ್ನೂ ಬೇಯಿಸಿ ಮೆತ್ತಗೆ ಮಾಡುವ ಒಂದು ಮುಚ್ಚಿದ ಪಾತ್ರೆಯನ್ನು ತೋರಿಸಿದನು. ಅಂಥ ಪಾತ್ರೆ ಒಡೆಯಬಾರದೆಂದು ಅದಕ್ಕೆ ತೂಕವನ್ನಿಟ್ಟ ಒಂದು ಕವಾಟವನ್ನು ಅವನೇ ಯೋಜಿಸಿದನು. ನಮ್ಮ ತಾಯಂದಿರ ಕುಕ್ಕರಿನ ಮೇಲೆ ಕುಣಿದು ಸಿಳ್ಳು ಹಾಕುವ ತೂಕ ಅದರ ವಂಶದ್ದೆ. ಹೋಟಗಿಯಿಂದ ತಡವಳದ ಮೇಲೆ ಹಾಯ್ದು ವಿಜಯಪುರ, ಗದಗುಗಳತ್ತ ಹೋಗುವ ರೈಲುದಾರಿ ಮೀಟರ್ ಗೇಜಿನದಾಗಿದ್ದ ಕಾಲದಲ್ಲಿ ಉಗಿಯ ಇಂಜಿನುಗಳು ಓಡುತ್ತಿದ್ದುದನ್ನು ಕಂಡ ಹಿರಿಯರು ಇಲ್ಲಿ ಇರಬಹುದು. ನಿಂತ ಇಂಜಿನು ಇದ್ದಕ್ಕಿದ್ದಂತೆ ಬುಸ್ಸೆಂದು ಬಿಳಿಯ ಉಗಿಯನ್ನು ಮೇಲಕ್ಕೆ ಬಿಡುತ್ತಿದ್ದುದು ಅವರಿಗೆ ನೆನಪಿರಲೂಬಹುದು. ಉಗಿ ಸುಮ್ಮನೆ ಹಾಳಾಗುತ್ತಿದೆ ಎಂದು ಯಾವ ಡ್ರೈವರನೂ ಅದರ ಬಾಯಿಗೆ ಬೆಣೆ ಬಡಿಯುತ್ತಿರಲಿಲ್ಲ.

ಹಾಗೆಂದು ಮೂತಿಯ ಹನಿಯೆಲ್ಲವೂ ನಿರ್ದೋಷಿಯೆಂದು ತಿಳಿಯಬಾರದು. ಗೀಜರು ಆರಿಸಿ ಗಂಟೆಗಟ್ಟಲೆ ಕಳೆದರೂ, ರಾತ್ರಿಯಿಡೀ ಹನಿಯುತ್ತಿದ್ದರೆ ಅದು ಹಿಗ್ಗಿದ ನೀರಲ್ಲ. ಒಂದೊ ಪಂಪಿನ ಒತ್ತಡ ಮಿತಿ ಮೀರಿದೆ, ಇಲ್ಲವೆ ಕವಾಟದ ಬಿರಡೆ ಪೂರ್ತಿ ಕೂಡುತ್ತಿಲ್ಲ. ನಮ್ಮ ಕಡೆ ಈ ಎರಡನೆಯದಕ್ಕೆ ಸಾಮಾನ್ಯವಾದ ಕಾರಣ ನೀರಿನೊಳಗಿನ ಸುಣ್ಣ. ನಮ್ಮದು ಕರಿಕಲ್ಲಿನ ಮೇಲೆ ಎರೆಮಣ್ಣು ಹಾಸಿದ ನೆಲ. ಕೊಳವೆಬಾವಿಯ ನೀರು ಬಹುಮಟ್ಟಿಗೆ ಗಡಸು. ಸಾಬೂನು ನೊರೆಯೇಳುವುದಿಲ್ಲ, ಬೇಳೆ ಬೇಗ ಬೇಯುವುದಿಲ್ಲ. ಇಂಥ ನೀರಿನಲ್ಲಿ ಕ್ಯಾಲ್ಸಿಯಂ ಬೈಕಾರ್ಬೊನೇಟು ಕಣ್ಣಿಗೆ ಕಾಣದಂತೆ ಕರಗಿರುತ್ತದೆ. ನೀರು ಕಾದಾಗ ಅದು ಒಡೆದು, ಅಂಗಾರಾಮ್ಲವಾಯು ಹೊರಟುಹೋಗಿ, ಕರಗದ ಕ್ಯಾಲ್ಸಿಯಂ ಕಾರ್ಬೊನೇಟು ಬಿಳಿಯ ಹೊಪ್ಪಳಿಕೆಯಾಗಿ ಪಾತ್ರೆಗೆ ಅಂಟುತ್ತದೆ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಇದನ್ನು ನೋಡದವರಿಲ್ಲ. ಅದರ ಒಂದು ಕಾಳು ಬಿರಡೆಯ ಕೆಳಗೆ ಸಿಕ್ಕರೆ ಸಾಕು, ಹನಿ ನಿಲ್ಲದು. ಕಾಳು ಸರಿದಾಗ ತಾನೇ ನಿಲ್ಲುತ್ತದೆ. ಮತ್ತೊಂದು ಬಂದು ಕೂತಾಗ ಮತ್ತೆ ಸುರು. ಕವಾಟಕ್ಕೆ ಚಿಕ್ಕ ಹಿಡಿಕೆಯಿದ್ದರೆ, ತಿಳಿದವರು ನೀರು ತಣ್ಣಗಿರುವಾಗ ಅದನ್ನು ಒಂದೆರಡು ಸಲ ಎತ್ತಿ ನೀರು ಹರಿಯಬಿಟ್ಟರೆ ಕಾಳು ತೊಳೆದುಹೋಗಬಹುದು. ಹೋಗದಿದ್ದರೆ ಕವಾಟವನ್ನೆ ಬದಲಿಸಬೇಕು. ಅದಕ್ಕೆ ತಗಲುವ ಹಣ ಗೀಜರಿನ ಬೆಲೆಯ ಒಂದು ಚಿಕ್ಕ ಪಾಲು ಮಾತ್ರ.

ಈ ಗಡಸುನೀರಿನಿಂದ ಒಂದು ಉಪಕಾರವೂ ಇದೆಯೆನ್ನಬೇಕು. ಬಿಸಿನೀರಿನ ಸೋರಿಕೆ ಬೇಗನೆ ಆರಿಹೋಗುವುದರಿಂದಲೆ ಅದು ಬಂದುಹೋಗುವಂತೆ ತೋರುವುದುಂಟು. ಆದರೆ ನೀರು ಆರಿದರೂ ಸುಣ್ಣ ಆರದು. ಹನಿ ಎಲ್ಲಿಂದ ಹೊರಟಿತೊ ಅಲ್ಲಿಂದ ಕೆಳಗೆ ಬಿಳಿಯ ಗೆರೆಯನ್ನು ಬರೆದಿಡುತ್ತದೆ. ಆ ಗೆರೆಯ ಕೆಳತುದಿಯನ್ನಲ್ಲ, ಮೇಲ್ತುದಿಯನ್ನು ಹುಡುಕಬೇಕು. ಗೆರೆ ಬಿಳಿಯದಾಗಿರದೆ ಕೆಂಪುಬಣ್ಣದ್ದಾಗಿದ್ದು, ಗೀಜರಿನ ಹೊರಕವಚದ ಸಂದಿಯಿಂದಲೆ ಇಳಿದಿದ್ದರೆ, ಒಳಗಿನ ಉಕ್ಕು ತುಕ್ಕು ಹಿಡಿದಿದೆಯೆಂದು ತಿಳಿಯಬೇಕು. ಇಂಥ ತೂತು ಕೆಲವು ದಿನ ತುಕ್ಕಿನಿಂದಲೆ ಮುಚ್ಚಿಕೊಂಡು ನಿಂತಿದ್ದು, ಒತ್ತಡ ಏರಿದಾಗ ಮತ್ತೆ ತೆರೆಯುತ್ತದೆ. ಇದಕ್ಕೆ ಮದ್ದಿಲ್ಲ, ಒಡಲನ್ನೆ ಬದಲಿಸಬೇಕು. ತುಕ್ಕು ತಡೆಯಲೆಂದು ಗೀಜರಿನೊಳಗೆ ಮೆಗ್ನೀಸಿಯಮ್ಮಿನ ಒಂದು ಸಲಾಕೆಯಿರುತ್ತದೆ. ಅದು ತಾನು ಸವೆದು ಉಕ್ಕನ್ನು ಉಳಿಸುತ್ತದೆ. ಅದು ಸವೆದುಹೋಗಿದೆಯೆ ಎಂದು ಗಡಸುನೀರಿನ ನಮ್ಮ ಸೀಮೆಯಲ್ಲಿ ವರುಷಕ್ಕೊಮ್ಮೆ ತೆಗೆಸಿ ನೋಡುವುದು ಲೇಸು; ಆದರೆ ನೋಡಿಸುವವರು ನೂರಕ್ಕೆ ಒಬ್ಬರಿದ್ದರೆ ಹೆಚ್ಚು.

ಚಳಿಗಾಲದಲ್ಲಿ ಮಾತ್ರ, ಅದೂ ನಸುಕಿನಲ್ಲಿ ಮಾತ್ರ ಕಾಣುವ ಸೋರಿಕೆಯೊಂದುಂಟು. ಸೊಲ್ಲಾಪುರದ ಸಿದ್ಧೇಶ್ವರ ಜಾತ್ರೆಯ ಹೊತ್ತಿಗೆ, ಸಂಕ್ರಮಣದ ಚಳಿಯಲ್ಲಿ, ಇದರ ದೂರು ಹೆಚ್ಚು. ಬಿಸಿನೀರಿಗೆಂದು ಈಗ ಹಾಕುವ ಪ್ಲಾಸ್ಟಿಕ್ಕಿನ ಕೊಳವೆ ಲೋಹಕ್ಕಿಂತ ಬಹಳ ಹೆಚ್ಚು ಹಿಗ್ಗಿ ಕುಗ್ಗುತ್ತದೆ. ಮೂರು ಮೀಟರು ಉದ್ದದ ಕೊಳವೆ ೪೦ ಡಿಗ್ರಿ ಕಾದರೆ ಸುಮಾರು ೮ ಮಿಲಿಮೀಟರು ಬೆಳೆಯುತ್ತದೆ. ಅಷ್ಟೆ ಉದ್ದದ ಕಬ್ಬಿಣದ ಕೊಳವೆ ಒಂದೂವರೆ ಮಿಲಿಮೀಟರು ಬೆಳೆದರೆ ಹೆಚ್ಚು. ಇವೆರಡೂ ಕೂಡುವ ತಿರುಪಿನಲ್ಲಿ, ಬಿಸಿಯಿದ್ದಾಗ ಬಿಗಿಯಾಗಿರುವ ಸಂದು ರಾತ್ರಿಯ ಚಳಿಗೆ ಸಡಿಲವಾಗಿ ನಾಲ್ಕು ಹನಿ ಬಿಟ್ಟು, ಬೆಳಿಗ್ಗೆ ಬಿಸಿನೀರು ಹರಿದೊಡನೆ ಮತ್ತೆ ಮುಚ್ಚಿಕೊಳ್ಳುತ್ತದೆ. ಹಗಲಿನಲ್ಲಿ ಬಂದು ನೋಡುವವನಿಗೆ ಇದು ಎಂದಿಗೂ ಸಿಕ್ಕುವುದಿಲ್ಲ. ಮಳೆಗಾಲದಲ್ಲಿ ತಣ್ಣೀರಿನ ಕೊಳವೆಯ ಮೈ ಬೆವರುವುದು ಬೇರೆ ಸಂಗತಿ. ಅದು ಗಾಳಿಯೊಳಗಿನ ತೇವ. ಸ್ನಾನದ ಹೊತ್ತಿನಲ್ಲಷ್ಟೆ ಸೋರಿದರೆ ದೋಷ ನಳದಿಂದ ಈಚೆಗಿದೆ, ಗೀಜರನ್ನು ಮುಟ್ಟುವ ಅಗತ್ಯವಿಲ್ಲ.

ಪರೀಕ್ಷೆಯ ಕ್ರಮವೂ ಸರಳವಾದುದು, ಆದರೆ ಮೊದಲು ಒಂದು ಎಚ್ಚರ. ಗೀಜರಿನ ಸುತ್ತ ಒದ್ದೆಯಾಗಿದ್ದರೆ ಮೊದಲು ವಿದ್ಯುತ್ತನ್ನು ತೆಗೆಯಬೇಕು. ಒದ್ದೆಗೈಯಿಂದಲ್ಲ, ಒದ್ದೆನೆಲದ ಮೇಲೆ ನಿಂತೂ ಅಲ್ಲ. ಮಕ್ಕಳು ಕಣ್ಣಿನಿಂದ ನೋಡಲಿ, ವಹಿಯಲ್ಲಿ ಬರೆಯಲಿ; ಕವಚವನ್ನು ಬಿಚ್ಚುವುದು, ಪಾನಾ ಹಿಡಿಯುವುದು ಅವರ ಕೆಲಸವಲ್ಲ. ವಿದ್ಯುತ್ತು ತೆಗೆದ ಮೇಲೆ ಕೊಳವೆಗಳನ್ನೂ ಸಂದುಗಳನ್ನೂ ಒಣಬಟ್ಟೆಯಿಂದ ಒರಸಿ, ಪ್ರತಿಯೊಂದು ಸಂದಿನ ಕೆಳಗೆ ಸೀಮೆಸುಣ್ಣವನ್ನು ಉಜ್ಜಬೇಕು, ಇಲ್ಲವೆ ಹಳೆಯ ವರ್ತಮಾನಪತ್ರದ ಚೂರೊಂದನ್ನು ದಾರದಿಂದ ಕಟ್ಟಬೇಕು. ಯಾವ ಚೂರು ಮೊದಲು ನೆನೆಯಿತೊ ಅಲ್ಲಿ ಮೂಲವಿದೆ. ಮುಂದಿನದು ಒಂದೊಂದೆ ಬದಲಾವಣೆ ಮಾಡಿ ನೋಡುವುದು: ಒಂದು ದಿನ ಗೀಜರು ಹಚ್ಚದೆ, ಒಂದು ದಿನ ಪಂಪು ಹಚ್ಚದೆ, ಒಂದು ರಾತ್ರಿ ತಣ್ಣೀರಿನ ವಾಲ್ವನ್ನು ಮುಚ್ಚಿ. ವಾಲ್ವು ಮುಚ್ಚಿದ್ದಾಗ ಗೀಜರು ಮಾತ್ರ ಹಚ್ಚಕೂಡದು. ಎರಡು ಬದಲಾವಣೆಗಳನ್ನು ಒಮ್ಮೆಲೆ ಮಾಡಿದರೆ ಯಾವುದರಿಂದ ನಿಂತಿತೆಂದು ತಿಳಿಯದೆ ಹೋಗುತ್ತದೆ. ಆಮೇಲೆ ನಳದವನನ್ನು ಕರೆಯಿರಿ, ಆ ವಹಿಯನ್ನು ಅವನ ಕೈಗೆ ಕೊಡಿರಿ. ಅವನೂ ಸಂತೋಷಪಡುತ್ತಾನೆ, ಕಾಣದ ರೋಗಕ್ಕೆ ಮದ್ದು ಕೊಡುವ ಪಾಡು ಅವನಿಗೂ ಬೇಡವಾದುದೆ. ಕಾರಣ ಹಿಗ್ಗುವ ನೀರೆಂದು ತಿಳಿದರೆ, ಮೂತಿಗೆ ಒಂದು ರಬ್ಬರಿನ ನಳಿಕೆಯನ್ನು ಸಿಕ್ಕಿಸಿ, ಅದರ ಕೊನೆಯನ್ನು ಎತ್ತರದಲ್ಲಿ ಕಟ್ಟದೆ, ಮಡಿಚದೆ, ಕೆಳಗಿನ ಬಕೀಟಿಗೆ ಬಿಟ್ಟರಾಯಿತು. ದಿನಕ್ಕೊಂದು ತಂಬಿಗೆಯಷ್ಟು ನೀರು ಪಾತ್ರೆ ತೊಳೆಯಲು ಒದಗುತ್ತದೆ.

ಮಾಳಿಗೆಯ ಮೇಲಿನ ಸೂರ್ಯಶಕ್ತಿಯ ವ್ಯವಸ್ಥೆಯಿದ್ದವರಿಗೆ ಎರಡು ಮಾತು. ಅಲ್ಲಿ ಗಾಜಿನ ನಳಿಗೆಗಳಲ್ಲಿ ಕಾದ ನೀರು ಹಗುರವಾಗಿ ತಾನೇ ಟಾಕಿಗೆ ಏರುತ್ತದೆ, ತಣ್ಣೀರು ಇಳಿಯುತ್ತದೆ. ೨೦೦ ಲೀಟರಿನ ಟಾಕಿ ೨೫ರಿಂದ ೭೦ ಡಿಗ್ರಿಗೆ ಏರಿದರೆ ಸುಮಾರು ೪ ಲೀಟರು ನೀರು ಹೆಚ್ಚಾಗುತ್ತದೆ. ತಣ್ಣೀರಿನ ದಾರಿಯಲ್ಲಿ ಒಮ್ಮುಖದ ವಾಲ್ವು ಇದ್ದರೆ ಅದು ಗಾಳಿಕೊಳವೆಯಿಂದ ಮಾಳಿಗೆಗೆ ಬೀಳುತ್ತದೆ. ಬಿಸಿಲಿದ್ದ ದಿನ ಮಧ್ಯಾಹ್ನ ಬೀಳುತ್ತದೆ, ಮೋಡದ ದಿನ ಬೀಳುವುದಿಲ್ಲ. ಹಾಗಲ್ಲದೆ, ಊರಿಗೆ ನೀರು ಬಿಟ್ಟ ದಿನ ಅಥವಾ ಪಂಪು ಹಚ್ಚಿದ ಹೊತ್ತಿನಲ್ಲಿ ಮಾತ್ರ ಅದೇ ಕೊಳವೆಯಿಂದ ನೀರು ಸುರಿದರೆ ಕಾರಣ ಬೇರೆ. ತಣ್ಣೀರಿನ ಟಾಕಿಯ ತೇಲುಗುಂಡಿನ ವಾಲ್ವು ಸಿಕ್ಕಿಕೊಂಡು, ನೀರಿನ ಮಟ್ಟ ಗಾಳಿಕೊಳವೆಯ ತುದಿಗಿಂತ ಮೇಲೇರಿದೆ. ಕೊಳವೆಯ ತುದಿ ಯಾವಾಗಲೂ ತುಂಬಿದ ಟಾಕಿಯ ನೀರಿಗಿಂತ ಎತ್ತರದಲ್ಲಿರಬೇಕು. ಇದರ ಬಾಯಿಗೂ ಬಟ್ಟೆ ತುರುಕುವವರಿದ್ದಾರೆ. ಹಕ್ಕಿ ಗೂಡು ಕಟ್ಟೀತೆಂಬ ಭಯವಿದ್ದರೆ ಬಲೆಯನ್ನು ಕಟ್ಟಬಹುದು, ಬಟ್ಟೆಯನ್ನಲ್ಲ.

ಗಾಜಿನ ನಳಿಗೆ ಟಾಕಿಯನ್ನು ಸೇರುವಲ್ಲಿ ರಬ್ಬರಿನ ಉಂಗುರವಿರುತ್ತದೆ. ವರುಷಗಳ ಬಿಸಿಲಿಗೆ ಅದು ಗಡುಸಾದರೆ, ತಂಪು ಹೊತ್ತಿನಲ್ಲಿ ಅಲ್ಲಿಂದ ನೀರು ನಳಿಗೆಯ ಮೈಮೇಲೆ ಇಳಿಯುತ್ತದೆ. ಅದಕ್ಕೂ ಬಿಳಿಯ ಗೆರೆಯೆ ಸಾಕ್ಷಿ. ಉಂಗುರ ಬದಲಿಸುವ ಕೆಲಸವನ್ನು ಬೆಳಗಾಗುವ ಮುನ್ನವೆ ಮಾಡಿಸಬೇಕು. ಬೇಸಗೆಯ ಸೂಟಿಯಲ್ಲಿ ಮನೆಮಂದಿಯೆಲ್ಲ ಊರಿಗೆ ಹೋಗುವಾಗ, ಬಳಸುವವರಿಲ್ಲದ ಟಾಕಿ ನಮ್ಮ ಸೊಲ್ಲಾಪುರದ ಬಿಸಿಲಿಗೆ ಕುದಿಯುವ ಮಟ್ಟಕ್ಕೆ ಬಂದು ಗಾಳಿಕೊಳವೆಯಿಂದ ಉಗಿಯನ್ನೂ ನೀರನ್ನೂ ಉಗುಳುತ್ತದೆ. ಹೋಗುವ ಮುನ್ನ ನಳಿಗೆಗಳ ಮೇಲೆ ಗೋಣಿತಟ್ಟನ್ನು ಹೊದಿಸಿ ಕಟ್ಟಿರಿ. ತಣ್ಣೀರು ಬರುವ ದಾರಿಯನ್ನು ಮಾತ್ರ ಮುಚ್ಚಬೇಡಿರಿ. ತಿರುಗಿ ಬಂದಾಗ ಟಾಕಿ ಬರಿದಾಗಿರುವುದು ಕಂಡರೆ ಅವಸರದಿಂದ ನೀರು ಬಿಡದೆ ಸಂಜೆಯವರೆಗೆ ತಡೆಯಬೇಕು. ಕಾದ ಬರಿಗಾಜಿಗೆ ನಡುಮಧ್ಯಾಹ್ನದಲ್ಲಿ ತಣ್ಣೀರು ತಾಗಿತೆಂದರೆ ನಳಿಗೆ ಸೀಳುತ್ತದೆ. ಆ ಸೋರಿಕೆಯ ವೇಳೆಯನ್ನು ವಹಿಯಲ್ಲಿ ಬರೆದಿಡುವ ಅಗತ್ಯ ಯಾರಿಗೂ ಬೀಳುವುದಿಲ್ಲ.